ಗಲ್ಫಿಗೆ ಸಂಸಾರ ಸಮೇತ ಹೊರಟಿದೀರಾ? ಟಿವಿ ವಿಷಯ ಇಲ್ಲೇ ಮಾತಾಡ್ಕೊಂಡು ಹೋಗಿ

ಮೊನ್ನೆ ಶನಿವಾರ ಚಿಕ್ಕಮ್ಮನ ಮಗಳ ಜೊತೆ ಎಸ್‌ಪಿ ರೋಡಿಗೆ ಹೋಗಿದ್ದೆ. ಅವಳ ಗಂಡಂಗೆ ಒಮಾನಿನ ಮಸ್ಕತ್ತಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಮಕ್ಕಳನ್ನ ಕಟ್ಕೊಂಡು ಹೊರಡ್ತಿದಾಳೆ, ಅತ್ತೆನೂ ಮೂರು ತಿಂಗಳು ಬಂದು ಇರ್ತಾರಂತೆ. ಅಡಾಪ್ಟರು, ಎಚ್‌ಡಿಎಂಐ ಕೇಬಲ್ಲು, ಅದು ಇದು ಅಂತ ಒಂದು ಲಿಸ್ಟು. ಅಂಗಡಿಯೋನು ಕೇಬಲ್ ಸುತ್ತಿ ಕವರಿಗೆ ಹಾಕ್ತಾ ಇರುವಾಗ ಇವಳು ಮೆಲ್ಲಗೆ ಕೇಳಿದ್ಲು, "ಅಕ್ಕ, ಅಲ್ಲಿ ಕನ್ನಡ ಚಾನೆಲ್ ಬರುತ್ತಲ್ವಾ? ಅತ್ತೆಗೆ ಸೀರಿಯಲ್ ಇಲ್ಲಾಂದ್ರೆ ನನ್ ಕಥೆ ಮುಗೀತು."

ಬರುತ್ತೆ ಕಣೇ ಅಂದೆ. ಆಮೇಲೆ ಹನುಮಂತನಗರದ ತನಕ ಆಟೋದಲ್ಲಿ ಬಾಯಿ ಮುಚ್ಚದೆ ಹೇಳಿದ್ದೇ ಹೇಳಿದ್ದು. ನಾವು 2014ರಿಂದ 2023ರ ತನಕ ಮಸ್ಕತ್ತಲ್ಲಿ ರೂವಿ ಅನ್ನೋ ಏರಿಯಾದಲ್ಲಿದ್ವಿ, ಟಿವಿ ವಿಷಯದಲ್ಲಿ ಮಾಡಬಾರದ ತಪ್ಪೆಲ್ಲಾ ಮಾಡಿ ಮುಗಿಸಿದೀವಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಟೈಪ್ ಮಾಡ್ತಿದೀನಿ, ದುಬೈಗೆ ಹೋಗೋರಿಗೆ, ದೋಹಾ ಕುವೈತ್ ಕಡೆ ಹೋಗೋರಿಗೂ ಮುಕ್ಕಾಲು ಪಾಲು ಇದೇ ಲೆಕ್ಕ.

ಮೊದಲು ಗಡಿಯಾರ

ಇದು ಯಾರೂ ಯೋಚನೆ ಮಾಡಲ್ಲ. ಒಮಾನ್, ಯುಎಇ ಎರಡೂ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ಅಂದ್ರೆ ಬೆಂಗಳೂರಲ್ಲಿ ರಾತ್ರಿ 9 ಗಂಟೆಗೆ ಬರೋ ಸೀರಿಯಲ್ಲು ಲೈವಾಗಿ ನೋಡಿದ್ರೆ ಮಸ್ಕತ್ತಲ್ಲಿ 7.30ಕ್ಕೆ, ಸೌದಿಯ ರಿಯಾದಲ್ಲಿ 6.30ಕ್ಕೆ. ಸಂಜೆ 7ರ ಸೀರಿಯಲ್ಲು ಮಸ್ಕತ್ತಲ್ಲಿ 5.30ಕ್ಕೇ ಬಂದ್ಬಿಡುತ್ತೆ, ಗಂಡಸರು ಇನ್ನೂ ಆಫೀಸಲ್ಲಿ, ಮಕ್ಕಳು ಟ್ಯೂಷನಲ್ಲಿ, ಬೇಸಿಗೇಲಾದ್ರೆ ಹೊರಗೆ ಬಿಸಿಲು. ನಮ್ಮತ್ತೆ ಮೊದಲನೇ ಸಲ ಬಂದಾಗ ಎರಡು ದಿನ ನೋಡಿ ಮೂರನೇ ದಿನ ಟಿವಿ ಆಫ್ ಮಾಡಿ ಕೂತ್ಬಿಟ್ರು. ಏನಾಯ್ತಮ್ಮ ಅಂದ್ರೆ "ದೀಪ ಹಚ್ಚೋಕ್ ಮುಂಚೆ ಯಾವ ಸೀರಿಯಲ್ಲೇ, ಮ್ಯಾಟಿನಿ ನೋಡ್ದಂಗಾಗುತ್ತೆ" ಅಂದ್ರು. ಅವರ ಪ್ರಕಾರ ಸೀರಿಯಲ್ ಅಂದ್ರೆ ದೀಪ ಹಚ್ಚಿ, ಕುಕ್ಕರ್ ಇಟ್ಟು, ಸೊಪ್ಪು ಬಿಡಿಸ್ತಾ ನೋಡೋದು. ಅದು ತಪ್ಪು ಅಂತ ಹೇಳೋಕೆ ನನ್ ಹತ್ರ ಏನೂ ಇರ್ಲಿಲ್ಲ.

ಹಾಗಾಗಿ ಏನು ಮಾಡಿ ಅಂದ್ರೆ, ಹೋದ ಮೊದಲ ವಾರದಲ್ಲೇ ಒಂದು ಹಾಳೆ ಮೇಲೆ ಎರಡು ಕಾಲಮ್ ಹಾಕಿ, ಬೆಂಗಳೂರು ಟೈಮು, ಅಲ್ಲಿನ ಟೈಮು, ಮನೇಲಿ ಯಾರ್ಯಾರು ಏನೇನು ನೋಡ್ತಾರೋ ಬರೆದು ಫ್ರಿಡ್ಜ್ ಮೇಲೆ ಅಂಟಿಸಿ. ಲೈವಾಗಿ ನೋಡೋ ಅಗತ್ಯ ಯಾವುದಕ್ಕಿದೆ, ಆಪಲ್ಲಿ ರಾತ್ರಿ ಊಟಕ್ಕೆ ಕೂತಾಗ ನೋಡಿದ್ರೆ ನಡೆಯೋದು ಯಾವುದು ಅಂತ ಆಗ ಗೊತ್ತಾಗುತ್ತೆ. ನಮ್ಮ ಮನೇಲಿ ಕೊನೆಗೆ ಲೈವ್ ಅಂತ ಉಳಿದಿದ್ದು ಮೂರೇ: ಕ್ರಿಕೆಟ್ಟು, ಎಲೆಕ್ಷನ್ ರಿಸಲ್ಟು, ವಿಜಯದಶಮಿ ಜಂಬೂ ಸವಾರಿ. ಸವಾರಿ ಮಾತ್ರ ಮಿಸ್ ಮಾಡ್ತಿರ್ಲಿಲ್ಲ, ಚಂದನದಲ್ಲಿ ಲೈವ್ ಬರುತ್ತೆ, ಅಲ್ಲಿನ ಲೆಕ್ಕಕ್ಕೆ ಮಧ್ಯಾಹ್ನ ಊಟದ ಹೊತ್ತು, ರಜ ಇಲ್ದೆ ಇದ್ರೆ ಯಜಮಾನ್ರು ಆಫೀಸಲ್ಲಿ ಫೋನ್ ಡ್ರಾಯರೊಳಗೆ ಇಟ್ಕೊಂಡು ನೋಡ್ತಿದ್ರು.

ವಾರದ ರಜನೂ ತಲೇಲಿರಲಿ. ಒಮಾನ್, ಸೌದಿ, ಕುವೈತ್, ಕತಾರಲ್ಲೆಲ್ಲ ಶುಕ್ರವಾರ ಶನಿವಾರ ರಜ. ಯುಎಇ ಮಾತ್ರ 2022ರ ಜನವರಿಯಿಂದ ಶನಿವಾರ ಭಾನುವಾರಕ್ಕೆ ಹೋಯ್ತು, ಸರ್ಕಾರಿ ಆಫೀಸಿಗೆ ಶುಕ್ರವಾರ ಅರ್ಧ ದಿನ. ನಮ್ಮ ಚಾನೆಲ್ಲವರು ದೊಡ್ಡ ಪ್ರೋಗ್ರಾಮ್ ಎಲ್ಲಾ ಶನಿವಾರ ಭಾನುವಾರ ರಾತ್ರಿ ಇಡ್ತಾರೆ, ರಿಯಾಲಿಟಿ ಶೋ ಫಿನಾಲೆ ಭಾನುವಾರ ರಾತ್ರಿ ಎಳ್ದು ಎಳ್ದು ಹೋಗ್ತಿದ್ರೆ ಮಸ್ಕತ್ತಲ್ಲಿ ಅದು ವಾರದ ಮೊದಲ ಕೆಲಸದ ದಿನ, ಮಕ್ಕಳು ಬೆಳಿಗ್ಗೆ ಸ್ಕೂಲಿಗೆ ಹೋಗಿ ಬಂದಿರ್ತಾರೆ, ಮಾರನೇ ದಿನನೂ ಸ್ಕೂಲು. ಗಲಾಟೆ ಆಗೋದೇ ಇಲ್ಲಿ. ಭಾನುವಾರದ್ದನ್ನ ಎತ್ತಿಟ್ಟು ಮುಂದಿನ ಗುರುವಾರ ರಾತ್ರಿ ನೋಡೋದು ಅಂತ ಮಾಡ್ಕೊಂಡ್ವಿ, ಯಾರು ಗೆದ್ರು ಅಂತ ವಾಟ್ಸಾಪ್ ಗ್ರೂಪಲ್ಲಿ ಮೊದಲೇ ಬಂದಿರುತ್ತೆ, ಆದ್ರೂ ನೋಡ್ತಿದ್ವಿ.

ಡಿಶ್ಶು, ಡಬ್ಬ, ಆಪು

ಇಲ್ಲಿಂದ ಟಿವಿ ಹೊತ್ಕೊಂಡು ಹೋಗ್ಬೇಡಿ, ಅಲ್ಲೇ ತಗೊಳ್ಳಿ. ವಾಪಸ್ ಬರುವಾಗಲೂ ತರೋ ಆಸೆ ಬೇಡ, 2013ರ ಆಗಸ್ಟಲ್ಲೇ ಫ್ಲಾಟ್ ಟಿವಿನ ಡ್ಯೂಟಿ ಫ್ರೀ ಲೆಕ್ಕದಿಂದ ತೆಗೆದ್ರು, ಅದಕ್ಕೆ ಮುಂಚೆ ಏರ್‌ಪೋರ್ಟ್ ಬೆಲ್ಟ್ ಮೇಲೆ ಕಂಬಳಿ ಸುತ್ತಿದ ಟಿವಿಗಳ ಮೆರವಣಿಗೆನೇ ನಡೀತಿತ್ತು. ಕರೆಂಟು ಏನೂ ತೊಂದ್ರೆ ಇಲ್ಲ, ಅಲ್ಲೂ 240 ವೋಲ್ಟು 50 ಹರ್ಟ್ಸು, ಸೌದಿಲಿ ಮಾತ್ರ 60 ಹರ್ಟ್ಸು. ಪ್ಲಗ್ ಬೇರೆ, ಚಪ್ಪಟೆ ಮೂರು ಕಾಲಿನ ಬ್ರಿಟಿಷ್ ಪ್ಲಗ್ಗು, ನಮ್ಮ ದುಂಡನೆ ಪಿನ್ ಹೋಗಲ್ಲ.

ಚಾನೆಲ್ ಬರಿಸೋಕೆ ದಾರಿ ಮೂರು. ಡಿಶ್ಶಲ್ಲಿ ಫ್ರೀಯಾಗಿ ಬರೋ ಅರಬ್ಬಿ ಚಾನೆಲ್ಲು, ಟೆಲಿಫೋನ್ ಕಂಪನಿಯೋರು ಇಂಟರ್ನೆಟ್ ಜೊತೆ ಕೊಡೋ ಡಬ್ಬ, ಮತ್ತೆ ಆಪ್‌ಗಳು. ಒಂದನ್ನೇ ನಂಬ್ಕೋಬೇಡಿ.

ಡಿಶ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮನೆ ಬಾಡಿಗೆಗೆ ಹಿಡಿಯೋಕ್ ಮುಂಚೆನೇ ನೋಡ್ಬೇಕು. ಬೆಂಗಳೂರಲ್ಲಿ ಟೆರೇಸ್ ಮೇಲಿನ ಡಿಶ್ ನೋಡಿದೀರಲ್ಲ, ಸ್ಯಾಟಲೈಟು ಹೆಚ್ಚು ಕಮ್ಮಿ ನೆತ್ತಿ ಮೇಲೆ ಇರೋದ್ರಿಂದ ಮುಖ ಎತ್ತಿ ಆಕಾಶ ನೋಡ್ತಾ ಕೂತಿರುತ್ತೆ. ಅಲ್ಲಿ ಅರಬ್ಬಿ ಚಾನೆಲ್ ಬರೋದು ಮುಖ್ಯವಾಗಿ ಎರಡು ಕಡೆಯ ಸ್ಯಾಟಲೈಟಿಂದ. ಒಂದು ಈಜಿಪ್ಟಿನ ನೈಲ್‌ಸ್ಯಾಟು, 7 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಇನ್ನೊಂದು ಅರಬ್‌ಸ್ಯಾಟಿನವರ ಬದ್ರ್, 26 ಡಿಗ್ರಿ ಪೂರ್ವದಲ್ಲಿ. ಮಸ್ಕತ್ತಿಂದ ನೋಡಿದ್ರೆ ನೈಲ್‌ಸ್ಯಾಟು ಹೆಚ್ಚು ಕಮ್ಮಿ ನೇರ ಪಶ್ಚಿಮಕ್ಕೆ, ದಿಗಂತದಿಂದ ಸುಮಾರು 14 ಡಿಗ್ರಿ ಎತ್ತರದಲ್ಲಿ ಅಷ್ಟೇ. ಡಿಶ್ ಎಷ್ಟು ಬಗ್ಗಿರುತ್ತೆ ಅಂದ್ರೆ ಪಕ್ಕದ ಮನೆ ಕಾರ್ ಪಾರ್ಕಿಂಗ್ ನೋಡ್ತಿದೆಯೇನೋ ಅನ್ಸುತ್ತೆ. ರೂವಿ ಸುತ್ತ ಬೋಳು ಬೆಟ್ಟಗಳು, ಪಶ್ಚಿಮಕ್ಕೆ ಬೆಟ್ಟನೋ ಎತ್ತರದ ಬಿಲ್ಡಿಂಗೋ ಅಡ್ಡ ಇದ್ರೆ ನೈಲ್‌ಸ್ಯಾಟ್ ಕಥೆ ಮುಗೀತು, ಎಷ್ಟು ದೊಡ್ಡ ಡಿಶ್ ಹಾಕಿದ್ರೂ ಬೆಟ್ಟ ತೂರಿ ಬರಲ್ಲ. ಬದ್ರ್ ಸುಮಾರು 44 ಡಿಗ್ರಿ ಮೇಲಿದೆ, ಆರಾಮಾಗಿ ಸಿಗುತ್ತೆ. ಮೊದಲನೇ ಮನೇಲಿ ನಮಗೆ ಇದು ಗೊತ್ತಿಲ್ದೆ ಟೆಕ್ನಿಷಿಯನ್ನ ಮೂರು ಸಲ ಕರೆಸಿ ಮೂರು ಸಲನೂ ದುಡ್ಡು ಕೊಟ್ವಿ. ಮೂರನೇ ಸಲ ಅವನೇ ಬೇಜಾರಾಗಿ ಬೆಟ್ಟದ ಕಡೆ ಕೈ ತೋರಿಸಿ "ಜಬಲ್, ಜಬಲ್" ಅಂದ. ಜಬಲ್ ಅಂದ್ರೆ ಬೆಟ್ಟ. ನಾನು ಕಲಿತ ಮೊದಲ ಅರಬ್ಬಿ ಪದ ಅದೇ, ಫೀಸು ಕಟ್ಟಿ ಕಲಿತಿದ್ದು.

ನಮ್ಮ ಇಂಡಿಯಾ ಡಿಟಿಎಚ್ ಡಬ್ಬ ತಗೊಂಡು ಹೋಗಿ ಅಲ್ಲಿ ದೊಡ್ಡ ಡಿಶ್ ಹಾಕಿ ನೋಡೋರು ಇದಾರೆ. ನಾನಂತೂ ಬೇಡ ಅಂತೀನಿ. ಆ ಕನೆಕ್ಷನ್ ಇಂಡಿಯಾದೊಳಗೆ ನೋಡೋಕೆ ಅಂತ ಕೊಡೋದು, ಅದರ ಸಿಗ್ನಲ್ಲೂ ನಮ್ಮ ದೇಶದ ಕಡೆ ತಿರುಗ್ಸಿರೋದು, ಅಲ್ಲಿ ಅಂಚಲ್ಲಿ ಸಿಕ್ಕಿದಷ್ಟು ಸಿಗುತ್ತೆ, ಧೂಳು ಗಾಳಿ ಎದ್ರೆ ಚೌಕ ಚೌಕ ಆಗಿ ನಿಂತ್ಹೋಗುತ್ತೆ, ಕಂಪ್ಲೇಂಟ್ ಕೊಡೋಕೂ ಮುಖ ಇಲ್ಲ.

ಟೆಲಿಫೋನ್ ಕಂಪನಿ ಡಬ್ಬ ತಗೊಳ್ಳೋವಾಗ ಒಂದೇ ಎಚ್ಚರಿಕೆ. "ಸೌತ್ ಇಂಡಿಯನ್ ಪ್ಯಾಕ್" ಅಂದ ತಕ್ಷಣ ಸೈನ್ ಹಾಕ್ಬೇಡಿ. ಅಲ್ಲಿ ಮಲಯಾಳಿಗಳು ಜಾಸ್ತಿ, ಪ್ಯಾಕಲ್ಲೂ ಅವರದೇ ಚಾನೆಲ್ ಜಾಸ್ತಿ. ನಮಗೆ ಕೌಂಟರಲ್ಲಿದ್ದ ಹುಡುಗ ಕನ್ನಡ ಇದೆ ಇದೆ ಅಂತ ತಲೆ ಆಡಿಸಿದ, ಮನೆಗೆ ಬಂದು ಹಾಕಿದ್ರೆ ಹದಿನೈದು ಮಲಯಾಳಂ, ಎಂಟು ತಮಿಳು, ಕನ್ನಡ ಒಂದೇ ಒಂದು. ಒಂದು ವರ್ಷದ ಕಾಂಟ್ರಾಕ್ಟು ಬೇರೆ. ಲಾಭ ಏನಪ್ಪ ಅಂದ್ರೆ ನಮ್ಮ ಚಿಕ್ಕೋನು ಆ ವರ್ಷ ಮಲಯಾಳಂ ಕಲಿತ. ಚಾನೆಲ್ ಲಿಸ್ಟ್ ಪ್ರಿಂಟ್ ಕೇಳಿ, ಕನ್ನಡ ಹೆಸರುಗಳ ಮೇಲೆ ಪೆನ್ನಲ್ಲಿ ಟಿಕ್ ಹಾಕಿಸ್ಕೊಂಡು ಆಮೇಲೆ ಸೈನ್ ಹಾಕಿ.

ಆಪಿನ ಕಥೆ ಹೊರಡೋಕ್ ಮುಂಚೆ ಬೆಂಗಳೂರಲ್ಲೇ ಶುರು ಮಾಡ್ಬೇಕು. ಇಲ್ಲಿ ದುಡ್ಡು ಕಟ್ಟಿದ ಅಕೌಂಟು ಅಲ್ಲಿ ಹೋಗಿ ಓಪನ್ ಮಾಡಿದ್ರೆ ಅರ್ಧ ಸಿನಿಮಾ ಮಾಯ, ಯಾಕಂದ್ರೆ ರೈಟ್ಸು ದೇಶ ದೇಶಕ್ಕೆ ಬೇರೆ ಬೇರೆ ಮಾರಿರ್ತಾರೆ. ಝೀ5, ಸನ್ ನೆಕ್ಸ್ಟ್, ಯಪ್ ಟಿವಿ ಇವೆಲ್ಲ ಹೊರದೇಶದೋರಿಗೇ ಅಂತ ಪ್ಲಾನ್ ಇಟ್ಟಿದಾರೆ, ಅದನ್ನ ಅಲ್ಲಿ ಇಳಿದ ಮೇಲೆ ತಗೊಳ್ಳಿ, ಇಲ್ಲಿಂದ ವರ್ಷದ್ದು ಕಟ್ಬೇಡಿ. ಅದಕ್ಕಿಂತ ಮುಖ್ಯ ಸಿಮ್ಮು. ಹಳೇ ಅಕೌಂಟೆಲ್ಲ ಇಂಡಿಯಾ ನಂಬರಿಗೆ ಕಟ್ಟಿರುತ್ತೆ, ಲಾಗಿನ್ ಆಗೋಕೆ ಹೋದ್ರೆ ಒಟಿಪಿ ಆ ನಂಬರಿಗೇ ಹೋಗೋದು. ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಕಮ್ಮಿ ರೀಚಾರ್ಜಲ್ಲಿ ಸಿಮ್ ಜೀವಂತ ಇಟ್ಕೊಂಡಿರಿ. ನಮ್ಮನೇಲಿ ಆ ಸಿಮ್ಮು ಬೆಂಗಳೂರಲ್ಲಿ ಮಾವನ ಫೋನಲ್ಲಿತ್ತು, ಪ್ರತಿ ಸಲ ಅವರಿಗೆ ಫೋನ್ ಮಾಡಿ ಮಾವ ಮೆಸೇಜ್ ನೋಡಿ ಅಂದ್ರೆ ಕನ್ನಡಕ ಹುಡುಕಿ ನಂಬರ್ ಓದೋಷ್ಟರಲ್ಲಿ ಟೈಮ್ ಔಟ್.

ವಿಪಿಎನ್ (ಫೋನು ಇಂಡಿಯಾದಲ್ಲೇ ಇದೆ ಅನ್ನೋ ಥರ ತೋರಿಸೋ ಆಪು) ಹಾಕ್ಕೊಂಡು ನೋಡ್ಬೋದಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಬೆಂಗಳೂರಿನ ಐಟಿ ಹುಡುಗರಿಗೆ ಅದು ನೀರು ಕುಡಿದಷ್ಟು ಸುಲಭ, ಆದ್ರೆ ಅಲ್ಲಿನ ಕಾನೂನು ಬೇರೆ. ಯುಎಇಲಿ 2021ರ ಸೈಬರ್ ಕ್ರೈಮ್ ಕಾನೂನಲ್ಲಿ, ವಿಪಿಎನ್ ಥರದ್ದು ಬಳಸಿ ಐಪಿ ಅಡ್ರೆಸ್ ಮರೆಮಾಚಿ ಅಪರಾಧ ಮಾಡಿದ್ರೆ ಅಥವಾ ಅಪರಾಧ ಮುಚ್ಚಿಟ್ರೆ ದಂಡ 5 ಲಕ್ಷ ದಿರ್ಹಮಿಂದ ಶುರು, 20 ಲಕ್ಷದ ತನಕ. ಆಫೀಸ್ ಕೆಲಸಕ್ಕೆ ಕಂಪನಿ ಕೊಡೋ ವಿಪಿಎನ್ ಬೇರೆ ವಿಷಯ. ಒಂದು ಸಿನಿಮಾಗೋಸ್ಕರ ಆ ಗೆರೆ ಎಲ್ಲಿದೆ ಅಂತ ಮುಟ್ಟಿ ನೋಡೋ ಕೆಲಸ ಯಾಕೆ.

ದುಡ್ಡೇ ಕೊಡದೆ ಸಿಗೋದು ಯೂಟ್ಯೂಬು. ಕನ್ನಡ ನ್ಯೂಸ್ ಚಾನೆಲ್‌ಗಳು ಲೈವ್ ಬರುತ್ವೆ, ಚಂದನದ್ದು ಬೇಕಾದಷ್ಟಿದೆ. ನಾ. ಸೋಮೇಶ್ವರ ಅವರ ಥಟ್ ಅಂತ ಹೇಳಿ ನಮ್ಮನೇಲಿ ಊಟದ ಹೊತ್ತಿನ ಪ್ರೋಗ್ರಾಮ್ ಆಗ್ಬಿಟ್ಟಿತ್ತು. ಎಲ್ಲರೂ ಸೇರಿ ನೋಡೋಕೆ ಕ್ವಿಜ್ಜಿನಂಥದ್ದು ಇನ್ನೊಂದಿಲ್ಲ, ಏಳು ವರ್ಷದೋನೂ ಉತ್ತರ ಹೇಳ್ಬೋದು, ಎಪ್ಪತ್ತು ವರ್ಷದೋರೂ ಹೇಳ್ಬೋದು, ಪದಬಂಧ ಬಂದಾಗ ಅತ್ತೆ ಗೆಲ್ತಿದ್ರು, ಸೈನ್ಸ್ ಪ್ರಶ್ನೆ ಬಂದ್ರೆ ಮಗಳು. ತಪ್ಪು ಹೇಳಿದೋರು ತಟ್ಟೆ ಎತ್ಬೇಕು ಅಂತ ರೂಲ್ಸು, ಹೆಚ್ಚು ಸಲ ಎತ್ತಿದ್ದು ಯಾರು ಅಂತ ಯಜಮಾನ್ರನ್ನೇ ಕೇಳಿ.

ಅರಬ್ಬಿ ಚಾನೆಲ್ ಕಿತ್ತು ಹಾಕ್ಬೇಡಿ

ಹೊಸದಾಗಿ ಹೋದೋರು ಮಾಡೋ ದೊಡ್ಡ ತಪ್ಪು ಇದೇ ಅಂತ ನನ್ನ ಅಭಿಪ್ರಾಯ. ಅರ್ಥ ಆಗಲ್ಲ ಅಂತ ಆ ಚಾನೆಲ್ಲೆಲ್ಲ ಡಿಲೀಟ್ ಮಾಡಿ, ಮನೆಯೊಳಗೆ ಒಂದು ಪುಟ್ಟ ಬಸವನಗುಡಿ ಕಟ್ಕೊಂಡು ಕೂತ್ಬಿಡ್ತಾರೆ. ನಾವೂ ಎರಡು ವರ್ಷ ಹಂಗೇ ಇದ್ವಿ.

2021ರ ಅಕ್ಟೋಬರ್ 3, ಭಾನುವಾರ, ಶಾಹೀನ್ ಸೈಕ್ಲೋನ್ ಬಂತು. ಅದರ ಕಥೆನೇ ವಿಚಿತ್ರ, ಅದಕ್ಕೆ ಒಂದು ವಾರ ಮುಂಚೆ ಬಂಗಾಳ ಕೊಲ್ಲಿಯಿಂದ ಬಂದು ಆಂಧ್ರದ ಕಡೆ ಹೊಡೆದಿತ್ತಲ್ಲ ಗುಲಾಬ್ ಅಂತ, ಅದರ ಉಳಿಕೆನೇ ನಮ್ಮ ದೇಶ ಅಡ್ಡಡ್ಡ ದಾಟಿ ಅರಬ್ಬಿ ಸಮುದ್ರಕ್ಕಿಳಿದು ಮತ್ತೆ ಬಲ ತಗೊಂಡು ಒಮಾನಿಗೆ ಬಂದಿದ್ದು. ಕನ್ನಡ ನ್ಯೂಸಲ್ಲಿ ಗುಲಾಬ್ ಮುಗಿದ ಕಥೆ, ಬೇರೇನೋ ಚರ್ಚೆ ನಡೀತಿತ್ತು. ನಮ್ಮ ಕಿಟಕಿ ಹೊರಗೆ ಆಕಾಶ ಬೂದಿ ಬಣ್ಣ. ಆಗ ಹತ್ತು ವರ್ಷದ ಮಗಳು ಒಮಾನ್ ಟಿವಿ ಹಾಕಿ ನೆಲದ ಮೇಲೆ ಟಿವಿಗೆ ಹತ್ರ ಕೂತ್ಲು. ಕೆಳಗೆ ಅಕ್ಷರ ಓಡ್ತಿದ್ವು, ನಮ್ಮ ನ್ಯೂಸಲ್ಲಿ ಓಡೋ ಕಡೆಗೆ ಉಲ್ಟಾ, ಎಡದಿಂದ ಬಲಕ್ಕೆ ಸರಿಯುತ್ತೆ. ಕೆಂಪು ಪಟ್ಟಿಲಿದ್ದ ಪದ ತೋರಿಸಿ "ಆಜಿಲ್, ಅರ್ಜೆಂಟ್ ಅಂತಮ್ಮ" ಅಂದ್ಲು. ಆಮೇಲೆ ಒಂದೊಂದೇ ಊರಿನ ಹೆಸರು ಕೂಡಿಸಿ ಓದೋಕೆ ಶುರು ಮಾಡಿದ್ಲು, ಯಾವ ರೋಡಿನ ಹೆಸರಿನ ಪಕ್ಕ "ಮುಗ್ಲಕ್" ಅಂತಿತ್ತೋ ಅದು ಕ್ಲೋಸ್. ಯಜಮಾನ್ರು ಅವತ್ತು ಹಾಲು ತರ್ತೀನಿ ಅಂತ ಕಾರ್ ಕೀ ಹಿಡ್ಕೊಂಡು ನಿಂತಿದ್ದೋರು ಕೀ ವಾಪಸ್ ಮೊಳೆಗೆ ಹಾಕಿದ್ರು. ಸಂಜೆ ಅದು ಒಮಾನಿನ ಬಾತಿನಾ ಕರಾವಳಿ ಕಡೆ ದಡ ಮುಟ್ಟಿ ಅಲ್ಲಿ ತುಂಬಾ ಹಾಳು ಮಾಡ್ತು. ಅವತ್ತು ರಾತ್ರಿ ನಮ್ಮ ಮನೇಲಿ ಕನ್ನಡ ಚಾನೆಲ್ ಯಾರೂ ಕೇಳ್ಲಿಲ್ಲ.

ಹಂಗಾಗಿ ನಾಲ್ಕೈದು ಅರಬ್ಬಿ ಚಾನೆಲ್ಲು ಇಟ್ಕೊಳ್ಳಿ. ಆ ದೇಶದ ಸರ್ಕಾರಿ ಚಾನೆಲ್ ಒಂದು ಇರಲೇಬೇಕು. ಮಕ್ಕಳಿಗೆ ಎಂಬಿಸಿ 3, ಸ್ಪೇಸ್‌ಟೂನು. ದೊಡ್ಡೋರಿಗೆ ಎಂಬಿಸಿ 2, ಇಂಗ್ಲಿಷ್ ಸಿನಿಮಾ ಅರಬ್ಬಿ ಸಬ್‌ಟೈಟಲ್ ಜೊತೆ ಬರುತ್ತೆ. ಝೀಯವರದ್ದೇ ಝೀ ಅಫ್ಲಾಮ್ ಅಂತ ಇದೆ, 2008ರಲ್ಲಿ ಶುರುವಾಗಿದ್ದು, ಹಿಂದಿ ಸಿನಿಮಾ, ಕೆಳಗೆ ಅರಬ್ಬಿ. ಹಿಂದಿ ಸಿನಿಮಾ ಹುಚ್ಚು ಅಲ್ಲಿ ಎಷ್ಟಂದ್ರೆ, ಟ್ಯಾಕ್ಸಿ ಹತ್ತಿದ್ರೆ ಡ್ರೈವರು ನೀವು ಇಂಡಿಯಾ ಅಂತ ಗೊತ್ತಾದ ತಕ್ಷಣ ಅಮಿತಾಭ್ ಬಚ್ಚನ್ ಅಂತಾನೆ, ನೀವು ಬೆಂಗಳೂರು ಅಂದ್ರೂ ಅಮಿತಾಭ್ ಬಚ್ಚನ್ನೇ.

ಅರಬ್ಬಿ ಕಲಿಯೋಕೆ ಶಾರ್ಟ್‌ಕಟ್ ಬೇಕಾ, ಹವಾಮಾನ ವರದಿ ನೋಡಿ. ನಗ್ಬೇಡಿ. ದಿನಾ ಅದೇ ಪದ, ಅದೇ ಊರು, ಅದೇ ಮ್ಯಾಪು, ಬದಲಾಗೋದು ನಂಬರ್ ಮಾತ್ರ. ಅರಬ್ಬಿ ಅಂಕಿ ಕಲಿಯೋಕೆ ನಮಗೊಂದು ತೊಡಕಿದೆ: ಅವರ ಐದು ನೋಡೋಕೆ ನಮ್ಮ ಕನ್ನಡದ ಸೊನ್ನೆ ಥರಾನೇ, ಒಂದು ಉಂಡೆ. ಅವರ ಸೊನ್ನೆ ಬರೀ ಚುಕ್ಕಿ. ಅವರ ಆರು ನೋಡಿದ್ರೆ ನಾವು ಬರೆಯೋ 7 ಅನ್ಸುತ್ತೆ. ಏಳು ಅಂದ್ರೆ ಬಾಯಿ ಮೇಲೆ ಮಾಡಿದ ಕವಣೆ, ಎಂಟು ಅದನ್ನೇ ಬೋರಲು ಹಾಕಿದ್ದು. ಅಕ್ಷರ ಬಲದಿಂದ ಎಡಕ್ಕೆ ಓದಿದ್ರೂ ನಂಬರ್ ಮಾತ್ರ ನಮ್ಮ ಥರ ಎಡದಿಂದ ಬಲಕ್ಕೆ. ನಮ್ಮ ಚಿಕ್ಕೋನು ಮೊದಲ ವಾರ ಮಸ್ಕತ್ತಲ್ಲಿ 40 ಡಿಗ್ರಿ, ಒಮಾನಿನ ದಕ್ಷಿಣದ ಸಲಾಲಾದಲ್ಲಿ 20 ಅಂತ ಓದ್ದ, ಆಮೇಲೆ ನೋಡಿದ್ರೆ 45, 25. ಜೂನ್ ಕೊನೆಗೆ ಸಲಾಲಾದಲ್ಲಿ ಖರೀಫ್ ಅಂತ ಶುರುವಾಗುತ್ತೆ, ಸೋನೆ ಮಳೆ, ಮಂಜು, ಬೆಟ್ಟ ಎಲ್ಲ ಹಸಿರು. ಅದೇನು ಬೇರೆ ಅಲ್ಲ, ನಮ್ಮ ಮುಂಗಾರೇ, ಅದೇ ನೈರುತ್ಯ ಗಾಳಿ. ಟಿವಿಲಿ ಸಲಾಲಾದ ಮೇಲೆ ಮೋಡದ ಚಿತ್ರ ಬಂದ ವಾರ ಬೆಂಗಳೂರಿಂದ ಅಮ್ಮ ಫೋನ್ ಮಾಡಿ ಬಟ್ಟೆ ಒಣಗ್ತಿಲ್ಲ ಅಂತಿದ್ರು.

ಇನ್ನೊಂದು, ಕಾರ್ಟೂನ್ ನೋಡಿ ಮಕ್ಕಳು ಕಲಿಯೋ ಅರಬ್ಬಿ ಬೀದೀಲಿ ಆಡೋ ಅರಬ್ಬಿ ಅಲ್ಲ. ಕಾರ್ಟೂನು ಹೆಚ್ಚಾಗಿ ಫುಸ್‌ಹಾದಲ್ಲಿ ಡಬ್ ಮಾಡ್ತಾರೆ, ಅದು ಪುಸ್ತಕದ ಭಾಷೆ. ನಮ್ಮ ಹುಡುಗ ಕೆಳಗಿನ ಅಂಗಡಿಗೆ ಹೋಗಿ ಬ್ರೆಡ್ ಕೇಳಿದ್ರೆ ಅಂಗಡಿ ಅಜ್ಜ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಗಾಂಧಿ ಬಜಾರಲ್ಲಿ ಒಬ್ಬ ಹುಡುಗ ಬಂದು "ಅಯ್ಯಾ ವರ್ತಕರೇ, ದಯಮಾಡಿ ಕೊತ್ತಂಬರಿ ಸೊಪ್ಪನ್ನು ದಯಪಾಲಿಸಿರಿ" ಅಂದ್ರೆ ಹೆಂಗಿರುತ್ತೆ, ಹಂಗೆ. ಆಡುಮಾತು ಬೇಕು ಅಂದ್ರೆ ಸೀರಿಯಲ್ ನೋಡಿ. ಆದ್ರೆ ಅಲ್ಲೂ ಒಂದೊಂದು ದೇಶಕ್ಕೆ ಒಂದೊಂದು ಮಾತು, ಈಜಿಪ್ಟಿನೋರು ಜ ಅನ್ನೋ ಕಡೆ ಗ ಅಂತಾರೆ, ಜಮೀಲ್ ಅವರ ಬಾಯಲ್ಲಿ ಗಮೀಲ್. ಟರ್ಕಿ ಸೀರಿಯಲ್ ತುಂಬಾ ಬರ್ತವೆ, ಅವು ಸಿರಿಯಾದ ಆಡುಮಾತಲ್ಲಿ ಡಬ್ ಆಗಿರ್ತವೆ. ಅತ್ತೆ ಸೊಸೆ ಆಸ್ತಿ ಜಗಳ ಎಲ್ಲ ಅಲ್ಲೂ ಅದೇ, ನಮ್ಮತ್ತೆ ಒಂದಕ್ಷರ ಅರ್ಥ ಆಗ್ದೆ ಒಂದು ತಿಂಗಳು ನೋಡಿ ಕಥೆ ಪೂರ್ತಿ ಕರೆಕ್ಟಾಗಿ ಹೇಳಿದ್ರು.

ಗೊತ್ತಿರಬೇಕಾದ ನಾಲ್ಕು ಪದ: ಮುಬಾಶಿರ್ ಅಂದ್ರೆ ಲೈವ್, ಇಆದಾ ಅಂದ್ರೆ ಮರುಪ್ರಸಾರ, ಹಲ್ಕಾ ಅಂದ್ರೆ ಎಪಿಸೋಡು, ಅಖ್ಬಾರ್ ಅಂದ್ರೆ ನ್ಯೂಸು. ರಿಸೀವರ್ ಮೆನು ಅಪ್ಪಿ ತಪ್ಪಿ ಅರಬ್ಬಿಗೆ ಹೋದ್ರೆ ಗಾಬರಿ ಬೇಡ, ಗೂಗಲ್ ಕ್ಯಾಮೆರಾ ಹಿಡಿದ್ರೆ ಓದಿ ಹೇಳುತ್ತೆ. ಇಂಗ್ಲಿಷಿಗೆ ತಂದ ತಕ್ಷಣ ಮೊದಲು ಮಾಡೋ ಕೆಲಸ ಫೇವರಿಟ್ ಲಿಸ್ಟು. ಡಿಶ್ಶಲ್ಲಿ ನೂರಾರು ಚಾನೆಲ್ ಬಂದು ಬೀಳುತ್ತೆ, ಅದರಲ್ಲಿ ಕಸನೂ ಇದೆ, ಹನ್ನೆರಡು ಆರಿಸಿ ಉಳಿದಿದ್ದಕ್ಕೆಲ್ಲ ಲಾಕ್ ಹಾಕಿ. ಲಾಕಿನ ಪಿನ್ ಕಂಪನಿಯಿಂದ ಬರೋವಾಗ ನಾಲ್ಕು ಸೊನ್ನೆನೇ ಇರೋದು ಜಾಸ್ತಿ, ಬದಲಾಯಿಸಿ, ಮಕ್ಕಳಿಗೆ ಅದು ನಿಮಗಿಂತ ಮೊದಲು ಗೊತ್ತಿರುತ್ತೆ.

ಅಲ್ಲಿನ ಮರ್ಯಾದೆ

ಲೋಕಲ್ ಚಾನೆಲಲ್ಲಿ ನಮಾಜಿನ ಹೊತ್ತಿಗೆ ಪ್ರೋಗ್ರಾಮ್ ನಿಲ್ಲಿಸಿ ಅಜಾನ್ ಹಾಕ್ತಾರೆ. ಸಂಜೆಯ ಮಗ್ರಿಬ್ ಸೂರ್ಯ ಮುಳುಗೋ ಹೊತ್ತಿಗೆ, ಮಸ್ಕತ್ತಲ್ಲಿ ಡಿಸೆಂಬರಲ್ಲಿ 5.20ರ ಸುಮಾರು, ಜೂನಲ್ಲಿ ಹತ್ತತ್ರ 7. ಅಪಾರ್ಟ್‌ಮೆಂಟ್ ಗೋಡೆ ತೆಳು, ಆ ಹೊತ್ತಲ್ಲಿ ನಾವು ಸೌಂಡ್ ಕಮ್ಮಿ ಮಾಡ್ತಿದ್ವಿ. ಯಾರೂ ಹೇಳಿರ್ಲಿಲ್ಲ. ಕೆಲವು ತಿಂಗಳಾದ ಮೇಲೆ ಪಕ್ಕದ ಮನೆ ಒಮಾನಿ ಹೆಂಗಸು ಲಿಫ್ಟಲ್ಲಿ ಸಿಕ್ಕು ನನ್ನ ಕೈ ಹಿಡ್ಕೊಂಡು ಏನೋ ಹೇಳಿದ್ರು, ಮಾತು ಅರ್ಥ ಆಗ್ಲಿಲ್ಲ, ಸಂಜೆ ಒಂದು ಡಬ್ಬ ಹಲ್ವಾ ಬಂತು.

ಟಿವಿಲಿ ಇದ್ದಕ್ಕಿದ್ದಂಗೆ ಕುರಾನ್ ಪಠಣ ಮಾತ್ರ ಬರ್ತಿದೆ, ಬೇರೇನೂ ಇಲ್ಲ ಅಂದ್ರೆ ಕೇಬಲ್ ಅಲ್ಲಾಡಿಸ್ಬೇಡಿ, ಏನೋ ದೊಡ್ಡ ಸುದ್ದಿ ಇದೆ ಅಂತ. 2020ರ ಜನವರಿ 11, ಶನಿವಾರ ಬೆಳಿಗ್ಗೆ ನಾನು ಕಾಫಿ ಹಿಡ್ಕೊಂಡು ಟಿವಿ ಹಾಕಿದಾಗ ಹಂಗೇ ಇತ್ತು. ಹತ್ತತ್ರ ಐವತ್ತು ವರ್ಷ ಒಮಾನ್ ಆಳಿದ ಸುಲ್ತಾನ್ ಖಾಬೂಸ್ ಹಿಂದಿನ ರಾತ್ರಿ ತೀರ್ಕೊಂಡಿದ್ರು, ಅವತ್ತೇ ಬೆಳಿಗ್ಗೆ ಹೊಸ ಸುಲ್ತಾನ್ ಹೈತಮ್ ಪ್ರಮಾಣ ವಚನ ಲೈವ್ ಬಂತು. ಅಂಥ ದಿನ ಜೋರಾಗಿ ಹಾಡು ಹಾಕ್ಬೇಡಿ, ಬಾಲ್ಕನಿ ಬಾಗಿಲು ಮುಚ್ಕೊಳ್ಳಿ, ಅಷ್ಟೇ.

ರಂಜಾನ್ ತಿಂಗಳು ಅಲ್ಲಿನ ಟಿವಿಗೆ ನಮ್ಮ ದಸರಾ ಇದ್ದಂಗೆ. ದೊಡ್ಡ ದೊಡ್ಡ ಸೀರಿಯಲ್ಲೆಲ್ಲ ಆ ತಿಂಗಳಿಗೇ ಅಂತ ಮಾಡ್ತಾರೆ, ಮುಸಲ್ಸಲ್ ಅಂತಾರೆ, ದಿನಕ್ಕೊಂದರಂತೆ 30 ಎಪಿಸೋಡು, ತಿಂಗಳು ಮುಗೀತು ಕಥೆ ಮುಗೀತು. ಏಳು ವರ್ಷ ಎಳೆಯೋ ನಮ್ಮ ಸೀರಿಯಲ್ ನೋಡಿದೋರಿಗೆ ಇದೊಂದು ಪವಾಡ. ಉಪವಾಸ ಬಿಡೋ ಹೊತ್ತಿಗೆ ಕೆಲವು ಚಾನೆಲಲ್ಲಿ ಫಿರಂಗಿ ಹೊಡೆಯೋದನ್ನ ಲೈವ್ ತೋರಿಸ್ತಾರೆ, ನಮ್ಮ ಚಿಕ್ಕೋನಿಗೆ ತಿಂಗಳು ಪೂರ್ತಿ ಅದೇ ಫೇವರಿಟ್ಟು. ಆ ತಿಂಗಳು ಆಫೀಸ್ ಸ್ಕೂಲ್ ಟೈಮೆಲ್ಲ ಕಮ್ಮಿ ಇರುತ್ತೆ, ಫ್ರಿಡ್ಜ್ ಮೇಲಿನ ಹಾಳೆ ಹೊಸದಾಗಿ ಬರೀಬೇಕಾಗುತ್ತೆ. ಒಮಾನಲ್ಲಿ 14ನೇ ರಾತ್ರಿ ಖರನ್‌ಖಶೋ ಅಂತ ಮಕ್ಕಳು ಮನೆಮನೆಗೆ ಬಂದು ಹಾಡಿ ಚಾಕಲೇಟ್ ಇಸ್ಕೊಂಡು ಹೋಗ್ತಾರೆ, ಅವತ್ತು ಟಿವಿ ಆಫ್ ಮಾಡಿ ಬಾಗಿಲ ಹತ್ರ ಇರಿ.

ಬೆಂಗಳೂರಿನ ಮನೆ ಜೊತೆ ಒಟ್ಟಿಗೆ ನೋಡೋದು

ನಾವಿದ್ದಾಗ ಒಮಾನಲ್ಲಿ ವಾಟ್ಸಾಪ್ ಮೆಸೇಜ್ ಹೋಗ್ತಿತ್ತು, ಕಾಲ್ ಹೋಗ್ತಿರ್ಲಿಲ್ಲ. ಯುಎಇಲೂ ಹಂಗೇ, ಅಲ್ಲಿ ಬೋಟಿಮ್ ಅಂತ ಆಪ್ ಬಳಸ್ತಿದ್ರು. ಹೋಗೋಕ್ ಮುಂಚೆ ಅಪ್ಪ ಅಮ್ಮನ ಫೋನಲ್ಲಿ ಆ ದೇಶದಲ್ಲಿ ಏನು ನಡೆಯುತ್ತೋ ಅದನ್ನ ಹಾಕಿ, ಒಂದು ಸಲ ನೀವು ರೂಮಲ್ಲಿ ಅವರು ಹಾಲಲ್ಲಿ ಕೂತು ಕಾಲ್ ಮಾಡಿ ಪ್ರಾಕ್ಟೀಸ್ ಮಾಡಿಸಿ ಹೋಗಿ.

ಐಪಿಎಲ್ ರಾತ್ರಿ ಮ್ಯಾಚು 7.30ಕ್ಕೆ ಶುರು, ಮಸ್ಕತ್ತಿಗೆ 6. ಒಟ್ಟಿಗೆ ನೋಡೋಣ ಅಂತ ಮಾವನ ಜೊತೆ ಸ್ಪೀಕರ್ ಫೋನ್ ಹಾಕಿ ಕೂತ್ವಿ. ಅವರದ್ದು ಕೇಬಲ್ಲು, ನಮ್ಮದು ಆಪು, ಅರ್ಧ ನಿಮಿಷ ಹಿಂದೆ. ನಮ್ಮಲ್ಲಿ ಬೌಲರ್ ಇನ್ನೂ ಓಡಿ ಬರ್ತಿರೋನು, ಆ ಕಡೆಯಿಂದ ಮಾವ "ಥೂ ಹೋಯ್ತು" ಅಂತಿದ್ರು. ಆರ್‌ಸಿಬಿ ಮ್ಯಾಚಲ್ಲಿ ಅದು ಎಷ್ಟು ಸಲ ಕೇಳಿದೀವೋ ಲೆಕ್ಕ ಇಲ್ಲ. ಉಪಾಯ ಏನಂದ್ರೆ ಓವರ್ ಮಧ್ಯೆ ಫೋನ್ ಮ್ಯೂಟು, ಓವರ್ ಮುಗಿದ ಮೇಲೆ ಮಾತು. ಸೀರಿಯಲ್ಲಿಗೆ ಇದು ಬೇಕಾಗಲ್ಲ, ಅರ್ಧ ನಿಮಿಷದಲ್ಲಿ ಅಲ್ಲೇನೂ ನಡೆಯಲ್ಲ.

ಕೊನೆಗೊಂದು ಜಗಳದ ವಿಷಯ. ಬೆಡ್‌ರೂಮಿಗೆ ಎರಡನೇ ಟಿವಿ ತಗೋಬೇಡಿ. ಅಲ್ಲಿ ಟಿವಿ ಅಗ್ಗ ಅನ್ಸುತ್ತೆ, ಸಂಬಳ ಬಂದಿರುತ್ತೆ, ಹಬ್ಬದ ಆಫರ್ ಇರುತ್ತೆ, ನಾವೂ ತಗೊಂಡ್ವಿ. ಬೇಸಿಗೇಲಿ ನಾಲ್ಕು ತಿಂಗಳು ಹೊರಗೆ ಕಾಲಿಡೋಕಾಗಲ್ಲ, ಎಲ್ಲರೂ ಒಂದೊಂದು ರೂಮಲ್ಲಿ ಒಂದೊಂದು ಎಸಿ ಹಾಕ್ಕೊಂಡು ಒಂದೊಂದು ಸ್ಕ್ರೀನ್ ನೋಡ್ತಾ ಕೂತ್ರೆ ಆ ಮನೇಲಿ ಕನ್ನಡ ಮಾತಾಡೋದು ಯಾರ ಜೊತೆ? ಮಕ್ಕಳು ಸ್ಕೂಲಲ್ಲಿ ಇಂಗ್ಲಿಷು ಹಿಂದಿ, ಕೆಳಗೆ ಆಡೋಕೆ ಹೋದ್ರೆ ಮಲಯಾಳಂ ಉರ್ದು. ಕನ್ನಡ ಅವರ ಕಿವಿಗೆ ಬೀಳೋದು ಹಾಲಲ್ಲಿ ರಿಮೋಟಿಗೆ ಕಿತ್ತಾಡುವಾಗ ಮಾತ್ರ. ಆರು ತಿಂಗಳಾದ ಮೇಲೆ ಎರಡನೇ ಟಿವಿ ಕೆಳಗಿನ ಮನೆಯೋರಿಗೆ ಮಾರಿದ್ವಿ, ಕಿತ್ತಾಟ ವಾಪಸ್ ಬಂತು.

ನಮ್ಮ ಚಿಕ್ಕಮ್ಮನ ಮಗಳಿಗೆ ಇದೆಲ್ಲ ಹೇಳಿ ಮುಗಿಸೋಷ್ಟರಲ್ಲಿ ಆಟೋ ಮನೆ ಹತ್ರ ಬಂತು. ಎಲ್ಲ ಕೇಳಿಸ್ಕೊಂಡು ಅವಳು ಕೇಳಿದ್ದು ಒಂದೇ, ಆ ಬ್ರಿಟಿಷ್ ಪ್ಲಗ್ಗಿನ ಅಡಾಪ್ಟರ್ ಎಷ್ಟು ಬೇಕು ಅಂತ. ಮೂರು ತಗೊಳ್ಳಿ. ಒಂದು ಟಿವಿ ಹತ್ರಕ್ಕೆ, ಒಂದು ಫೋನ್ ಚಾರ್ಜರಿಗೆ. ಇನ್ನೊಂದು ನಿಮ್ಮತ್ತೆ ಇಲ್ಲಿಂದ ಬಟ್ಟೆ ಮಧ್ಯೆ ಸುತ್ಕೊಂಡು ತರೋ ಮಿಕ್ಸಿಗೆ, ಬೇಡ ಅಂದ್ರೂ ತಂದೇ ತರ್ತಾರೆ.